ಹೋಗುವವರ ಭಾರ ಯಾರ ಹೊಲದ ಮೇಲೆ?

2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್ ನಗರದಲ್ಲಿ ದಿನಸಿ ತರಲೆಂದು ಹೊರಬಂದಿದ್ದ ವೈದ್ಯಕೀಯ ವಿದ್ಯಾರ್ಥಿ ನವೀನ್ ಗ್ಯಾನಗೌಡರ ಶೆಲ್ ದಾಳಿಗೆ ಬಲಿಯಾದರು. ರಾಣೆಬೆನ್ನೂರು ತಾಲ್ಲೂಕಿನ ಚಳಗೇರಿಯ ಹುಡುಗ, ನಾಲ್ಕನೆಯ ವರ್ಷದ ಓದಿನಲ್ಲಿದ್ದವನು. ಮಾರ್ಚ್ 21ರಂದು ಪಾರ್ಥಿವ ಶರೀರ ಬೆಂಗಳೂರಿಗೆ ಬಂತು. ಮನೆಯವರು ಊರಿನಲ್ಲಿ ಪೂಜೆ ಮುಗಿಸಿ, ದೇಹವನ್ನು ದಾವಣಗೆರೆಯ ಎಸ್.ಎಸ್. ವೈದ್ಯಕೀಯ ವಿಜ್ಞಾನ ಸಂಸ್ಥೆಗೆ ಒಪ್ಪಿಸಿದರು. ಮಗ ಡಾಕ್ಟರಾಗಲಿಲ್ಲ, ಡಾಕ್ಟರಾಗುವವರ ಓದಿಗಾದರೂ ಅವನ ದೇಹ ಒದಗಲಿ ಎಂದು ಆ ಮನೆ ತೀರ್ಮಾನಿಸಿತು. ಹಾವೇರಿ ಜಿಲ್ಲೆ ಇತ್ತೀಚಿನ ವರ್ಷಗಳಲ್ಲಿ ಕಂಡ ಬಹುದೊಡ್ಡ ತೀರ್ಮಾನಗಳಲ್ಲಿ ಅದೂ ಒಂದೆಂದು ನಾನು ಎಣಿಸುತ್ತೇನೆ.

ಆ ದಿನಗಳಲ್ಲಿ ಊರೂರಿನ ಕಟ್ಟೆಗಳಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಟಿವಿ ಚರ್ಚೆಗಳಲ್ಲಿ ಒಂದೇ ಪ್ರಶ್ನೆ: ಅಷ್ಟು ದೂರ ಯಾಕೆ ಹೋಗಬೇಕಾಗಿತ್ತು? ವಿದೇಶದಲ್ಲಿ ಓದಿ ಬಂದವರಲ್ಲಿ ಹೆಚ್ಚಿನವರು ಇಲ್ಲಿನ ಅರ್ಹತಾ ಪರೀಕ್ಷೆ ದಾಟುವುದಿಲ್ಲ ಎಂಬ ಮಾತನ್ನು ಅಧಿಕಾರದಲ್ಲಿದ್ದವರೂ ಅದೇ ಹೊತ್ತಿನಲ್ಲಿ ಆಡಿದರು. ಹುಡುಗನ ತಂದೆ ಕೊಟ್ಟ ಉತ್ತರ ಚಿಕ್ಕದಾಗಿತ್ತು. ಪಿಯುಸಿಯಲ್ಲಿ ಶೇ 97 ಅಂಕ ಬಂದರೂ ತಮ್ಮ ಕೈಗೆಟುಕುವ ಸೀಟು ಇಲ್ಲಿ ಸಿಗಲಿಲ್ಲ ಎಂದರು. ಆ ಉತ್ತರವನ್ನು ಎಲ್ಲರೂ ಕೇಳಿಸಿಕೊಂಡರು, ಕೆಲವು ದಿನ ಮರುಗಿದರು, ಆಮೇಲೆ ಚರ್ಚೆ ಹಳೆಯ ಜಾಡಿಗೇ ಮರಳಿತು.

ಆ ಹಳೆಯ ಜಾಡಿನಲ್ಲಿ ಎರಡು ತೀರ್ಪುಗಳಿವೆ. ಹೋದವನು ತಾಯ್ನೆಲಕ್ಕೆ ಬೆನ್ನು ತೋರಿಸಿದ ಎನ್ನುವುದು ಒಂದು. ಹೋದವನು ಗೆದ್ದ, ಊರಿಗೆ ಹೆಸರು ತಂದ ಎನ್ನುವುದು ಇನ್ನೊಂದು. ಮೊದಲನೆಯದನ್ನು ಭಾಷಣದಲ್ಲಿ ಹೇಳುತ್ತೇವೆ, ಎರಡನೆಯದನ್ನು ಫ್ಲೆಕ್ಸ್ ಮೇಲೆ ಬರೆಸುತ್ತೇವೆ. ಎರಡರಲ್ಲೂ ಬಿಟ್ಟುಹೋಗುವ ಸಂಗತಿಯೆಂದರೆ ಲೆಕ್ಕ. ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಹೊರದೇಶಕ್ಕೆ ಕಳಿಸುವಾಗ ದೊಡ್ಡದೊಂದು ಅಪಾಯ ಹುಟ್ಟುತ್ತದೆ: ದುಡ್ಡಿನದು, ದೇಹದ್ದು, ವಯಸ್ಸಿನದು, ಕಾಗದಪತ್ರದ್ದು. ಅದನ್ನು ಯಾರು ಹೊರುತ್ತಾರೆ? ನಮ್ಮ ಕಡೆ ಅದನ್ನು ಪೂರ್ತಿಯಾಗಿ ಒಂದು ಮನೆ ಹೊರುತ್ತದೆ. ಲಾಭ ಬಂದಾಗ ಮಾತ್ರ ಅದು ದೇಶದ್ದು, ರಾಜ್ಯದ್ದು, ಸಮಾಜದ್ದು ಆಗುತ್ತದೆ. ಹೋಗಬೇಕೋ ಬೇಡವೋ ಎಂಬ ವಾದಕ್ಕಿಂತ ಮೊದಲು ಈ ಅನ್ಯಾಯದ ಹಂಚಿಕೆಯನ್ನು ಮಾತಾಡಬೇಕು ಎಂಬುದಷ್ಟೇ ನನ್ನ ವಾದ.

ಲೆಕ್ಕವನ್ನು ಹೊಲದಿಂದಲೇ ಶುರು ಮಾಡೋಣ. ಹೊಸರಿತ್ತಿ, ಗುತ್ತಲ, ಮೋಟೆಬೆನ್ನೂರು, ಚಳಗೇರಿ ಕಡೆಯ ಒಬ್ಬ ರೈತನ ಹತ್ತಿರ ಆಸ್ತಿ ಅಂತ ಇರುವುದು ನಾಲ್ಕೈದು ಎಕರೆ ಜಮೀನು, ಒಂದು ಮನೆ, ಹೆಂಡತಿಯ ಮೈಮೇಲಿನ ಬಂಗಾರ. ಮಗಳಿಗೋ ಮಗನಿಗೋ ಜರ್ಮನಿಯಲ್ಲಿ ಎಂ.ಎಸ್. ಸೀಟು ಸಿಕ್ಕಿತು ಎನ್ನಿ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯ ಪ್ರಕಾರ ಏಳೂವರೆ ಲಕ್ಷದವರೆಗೆ ಅಡಮಾನ ಬೇಡ, ಅದರಾಚೆ ಆಸ್ತಿ ತೋರಿಸಬೇಕು. ಆದರೆ ಜರ್ಮನಿಯ ವೀಸಾಕ್ಕೆ ಒಂದು ವರ್ಷದ ಜೀವನವೆಚ್ಚವೆಂದು ಮುಂಗಡವಾಗಿ ಖಾತೆಯಲ್ಲಿಟ್ಟು ತೋರಿಸಬೇಕಾದ ಮೊತ್ತವೇ 2024ರ ಸೆಪ್ಟೆಂಬರಿನಿಂದ 11,904 ಯೂರೊ. ನಮ್ಮ ಲೆಕ್ಕದಲ್ಲಿ ಹತ್ತು ಲಕ್ಷಕ್ಕೂ ಮೇಲೆ. ಹಾಗಾಗಿ ಆಸ್ತಿ ತೋರಿಸಲೇಬೇಕು. ರೈತ ಉತಾರ ಹಿಡಿದು ಬ್ಯಾಂಕಿಗೆ ಹೋಗುತ್ತಾನೆ. ಹೊಲವನ್ನು ಅಡವಿಟ್ಟುಕೊಳ್ಳಲು ಬ್ಯಾಂಕಿಗೆ ಮನಸ್ಸಿಲ್ಲ. ಬ್ಯಾಂಕುಗಳು ಕೋರ್ಟಿಗೆ ಹೋಗದೆ ಅಡವಿನ ಆಸ್ತಿಯನ್ನು ಜಪ್ತಿ ಮಾಡಲು ಇರುವ 2002ರ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ಅನ್ವಯಿಸುವುದಿಲ್ಲ. ರೈತನನ್ನು ಕಾಪಾಡಲೆಂದೇ ಇಟ್ಟ ವಿನಾಯಿತಿ ಅದು, ಒಳ್ಳೆಯದೇ. ಆದರೆ ಅದರ ಬೆನ್ನಿಗೇ ಇನ್ನೊಂದು ಪರಿಣಾಮವೂ ಬಂದಿದೆ. ಹಾವೇರಿಯಲ್ಲಿ ಬಿಡಿ ಸೈಟು ಇದ್ದ ನೌಕರನ ಮಗನಿಗೆ ಬ್ಯಾಂಕಿನ ಬಾಗಿಲು ತೆರೆಯುತ್ತದೆ, ಐದು ಎಕರೆ ಇದ್ದ ರೈತನ ಮಗಳಿಗೆ ತೆರೆಯುವುದಿಲ್ಲ.

ಆಗ ಉಳಿಯುವ ದಾರಿ ಎರಡು. ಅಡತಿ ಅಂಗಡಿಯವರ ಹತ್ತಿರ, ಫೈನಾನ್ಸಿನವರ ಹತ್ತಿರ, ನೆಂಟರ ಹತ್ತಿರ ಕೈಗಡ ಎತ್ತುವುದು ಒಂದು. ಒಂದೆಕರೆ ಮಾರುವುದು ಇನ್ನೊಂದು. ಮಾರುವವರು ಮನಸ್ಸಿಗೆ ಸಮಾಧಾನ ಹೇಳಿಕೊಳ್ಳುತ್ತಾರೆ: "ಹುಡುಗ ಅಲ್ಲಿ ನೆಲೆ ನಿಂತರ ಒಂದಕ್ಕ ಎರಡು ಎಕರೆ ತಗೋತಾನ ಬಿಡ್ರಿ." ಈ ಮಾತಿನ ಎದುರಿಗೆ ನಮ್ಮ ವಿದೇಶಿ ವಿನಿಮಯ ಕಾನೂನನ್ನು ಇಟ್ಟು ನೋಡಿ. ಅನಿವಾಸಿ ಭಾರತೀಯನಾದವನು ಇಲ್ಲಿ ಮನೆ ಕೊಳ್ಳಬಹುದು, ಅಂಗಡಿ ಕೊಳ್ಳಬಹುದು. ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು, ಅಷ್ಟೆ. ಹುಡುಗ ದುಡ್ಡು ಕಳಿಸಿ ಅಪ್ಪನ ಹೆಸರಿನಲ್ಲಿ ಕೊಳ್ಳಬಹುದೆಂಬುದು ನಿಜ. ಆದರೆ ತನ್ನನ್ನು ಕಳಿಸಲೆಂದು ಹೋದ ಎಕರೆಯನ್ನು ಅನಿವಾಸಿಯಾಗಿ ಇರುವಷ್ಟು ಕಾಲ ಅವನು ತನ್ನ ಹೆಸರಿಗೆ ಮರಳಿ ಕೊಳ್ಳಲಾರ. ಪಾಸ್‌ಪೋರ್ಟ್ ಭಾರತದ್ದೇ ಇದ್ದರೂ ಈ ಕಟ್ಟು ತಪ್ಪದು. ಕಳಿಸುವ ಮನೆಗಳಲ್ಲಿ ಎಷ್ಟು ಮನೆಗೆ ಇದು ಮೊದಲೇ ಗೊತ್ತಿರುತ್ತದೆ? ನಾನು ಕಂಡ ಮಟ್ಟಿಗೆ ಏಜೆಂಟರು ಹೇಳುವುದಿಲ್ಲ, ಬ್ಯಾಂಕಿನವರಿಗೆ ಹೇಳುವ ಅಗತ್ಯವಿಲ್ಲ, ಪಂಚಾಯಿತಿಯಲ್ಲಿ ಕೇಳಿದರೆ ಯಾರಿಗೂ ಗೊತ್ತಿಲ್ಲ.

ಇನ್ನು ಸಾಲ ತೀರಿಸುವ ಬಗೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಸಿಕ್ಕಿತು. ಅದರ ಬಣ್ಣ ಓಲಿಯೊರೆಸಿನ್ ಆಗಿ ಕಡಲು ದಾಟಿ ಯಾವ್ಯಾವುದೋ ದೇಶದ ತಿನಿಸಿಗೆ, ತುಟಿಯ ಬಣ್ಣಕ್ಕೆ ಸೇರುತ್ತದೆ. ಅಷ್ಟು ಹೆಸರಿದ್ದ ಬೆಳೆಯ ದರ ಬಿದ್ದದ್ದಕ್ಕೇ 2024ರ ಮಾರ್ಚ್ 11ರಂದು ಬ್ಯಾಡಗಿ ಮಾರುಕಟ್ಟೆಯಲ್ಲಿ ರೈತರ ಸಿಟ್ಟು ಸ್ಫೋಟಿಸಿ ಎಪಿಎಂಸಿ ಕಚೇರಿಗೆ, ವಾಹನಗಳಿಗೆ ಬೆಂಕಿ ಬಿತ್ತು. ಬೆಂಕಿ ಹಚ್ಚಿದ್ದನ್ನು ಯಾರೂ ಸಮರ್ಥಿಸಲಾರರು. ಒಂದು ಮುಂಜಾನೆಯ ಟೆಂಡರಿನಲ್ಲಿ ವರ್ಷದ ದುಡಿಮೆ ಅರ್ಧಕ್ಕೆ ಇಳಿಯಬಲ್ಲ ಮನೆಯೇ, ತಿಂಗಳು ತಪ್ಪದೆ ಕಂತು ಕಟ್ಟುವ ಒಪ್ಪಂದಕ್ಕೆ ಸಹಿ ಹಾಕುತ್ತದೆ ಎಂಬುದನ್ನು ನೆನಪಿಸಲು ಇದನ್ನು ಹೇಳಿದೆ. ಅದರ ಮೇಲೆ ಫೀ ಇರುವುದು ಡಾಲರಿನಲ್ಲಿ, ಯೂರೊದಲ್ಲಿ. 2014ರಲ್ಲಿ ಅರವತ್ತು ರೂಪಾಯಿ ಆಸುಪಾಸಿನಲ್ಲಿದ್ದ ಡಾಲರ್ 2024ರ ಕೊನೆಗೆ ಎಂಬತ್ತೈದನ್ನು ಮುಟ್ಟಿತ್ತು. ಮೊದಲ ವರ್ಷದ ಫೀ ಕಟ್ಟಿದ ರೂಪಾಯಿಯಲ್ಲೇ ಎರಡನೆಯ ವರ್ಷದ ಫೀ ಕಟ್ಟಲಾಗುವುದಿಲ್ಲ.

ಹೋಗುವ ದೇಶಗಳ ನಿಯಮಗಳಂತೂ ದಾರಿ ನಡುವೆಯೇ ಬದಲಾಗುತ್ತವೆ. ಕೆನಡಾ 2024ರ ಜನವರಿಯಿಂದ ವಿದ್ಯಾರ್ಥಿ ತೋರಿಸಬೇಕಾದ ಜೀವನವೆಚ್ಚವನ್ನು 10,000 ಡಾಲರಿನಿಂದ 20,635 ಡಾಲರಿಗೆ ಏರಿಸಿತು, ಅದೇ ತಿಂಗಳು ವಿದ್ಯಾರ್ಥಿ ಪರವಾನಗಿಗಳಿಗೆ ಮಿತಿ ಹಾಕಿತು. ಬ್ರಿಟನ್ ಅದೇ ಜನವರಿಯಿಂದ, ಸಂಶೋಧನಾ ಕೋರ್ಸಿನವರನ್ನು ಬಿಟ್ಟು ಹೆಚ್ಚಿನ ವಿದ್ಯಾರ್ಥಿಗಳು ಗಂಡ ಹೆಂಡತಿ ಮಕ್ಕಳನ್ನು ಜೊತೆಗೆ ಕರೆದೊಯ್ಯುವುದನ್ನು ನಿಲ್ಲಿಸಿತು. ಅಮೆರಿಕ 2025ರ ಸೆಪ್ಟೆಂಬರಿನಲ್ಲಿ ಹೊಸ ಎಚ್-1ಬಿ ಅರ್ಜಿಗಳ ಮೇಲೆ ಒಂದು ಲಕ್ಷ ಡಾಲರ್ ಶುಲ್ಕ ಘೋಷಿಸಿತು. ತಮ್ಮ ಗಡಿಯ ನಿಯಮ ಮಾಡುವುದು ಆಯಾ ದೇಶದ ಹಕ್ಕು. ಆದರೆ ವಾಷಿಂಗ್ಟನ್ನಿನ ಒಂದು ಸಹಿಯ ಪೆಟ್ಟನ್ನು ರಾಣೆಬೆನ್ನೂರಿನ ಒಂದು ಮನೆ ಒಂಟಿಯಾಗಿ ತಾಳಿಕೊಳ್ಳಬೇಕೆಂದು ಯಾವ ಶಾಸ್ತ್ರ ಹೇಳಿದೆ?

ಯಾವಾಗಲೂ ಹೀಗಿರಲಿಲ್ಲ. ಈಗಿನ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ 1909ರಲ್ಲಿ ಹುಟ್ಟಿದ ವಿ.ಕೃ. ಗೋಕಾಕರು 1936ರಲ್ಲಿ ಆಕ್ಸ್‌ಫರ್ಡಿಗೆ ಹೋದರು. ಅಷ್ಟರಲ್ಲಿ ಅವರು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದರು. ಇಂಗ್ಲಿಷ್ ಸಾಹಿತ್ಯದಲ್ಲಿ ಪ್ರಥಮ ದರ್ಜೆ ಪಡೆದು 1938ರಲ್ಲಿ ಮರಳಿದಾಗ ಅದೇ ಡೆಕ್ಕನ್ ಎಜುಕೇಶನ್ ಸೊಸೈಟಿಯ ಸಾಂಗ್ಲಿ ವಿಲಿಂಗ್ಡನ್ ಕಾಲೇಜಿನ ಪ್ರಾಂಶುಪಾಲ ಹುದ್ದೆ ಅವರ ಪಾಲಿಗೆ ಬಂತು. ಹೋಗುವಾಗ ಬೆನ್ನಿಗೊಂದು ಸಂಸ್ಥೆ ಇತ್ತು, ಬಂದಾಗ ಕೂರಲು ಕುರ್ಚಿ ಇತ್ತು. ಗೋಕಾಕರ ಪ್ರತಿಭೆಯನ್ನು ಕಡಿಮೆ ಮಾಡಿ ಹೇಳುತ್ತಿಲ್ಲ. ಅಷ್ಟೇ ಪ್ರತಿಭೆಯ ಇಂದಿನ ಹುಡುಗಿಗೆ ಹೋಗುವಾಗಲೂ ಬರುವಾಗಲೂ ಹಿಂದೆ ಯಾರೂ ಇಲ್ಲ ಎನ್ನುತ್ತಿದ್ದೇನೆ.

ಅದಕ್ಕೂ ಹಿಂದಿನ ಮಾತು ಸಿರಸಂಗಿ ಲಿಂಗರಾಜ ದೇಸಾಯಿಯವರದು. 1861ರಲ್ಲಿ ಶಿಗ್ಲಿಯಲ್ಲಿ ಹುಟ್ಟಿ ಸಿರಸಂಗಿ ಸಂಸ್ಥಾನಕ್ಕೆ ದತ್ತು ಹೋದ ಅವರು 1906ರಲ್ಲಿ ತೀರಿಕೊಳ್ಳುವ ಮುನ್ನ ತಮ್ಮ ಆಸ್ತಿಯನ್ನು ವಿದ್ಯಾರ್ಥಿಗಳ ಓದಿಗಾಗಿ ಟ್ರಸ್ಟಿಗೆ ಬರೆದಿಟ್ಟರು. ಆಗಿನ ಮುಂಬೈ ಕರ್ನಾಟಕದ ಎಷ್ಟೋ ಹಳ್ಳಿ ಹುಡುಗರ ಉನ್ನತ ಓದು ಆ ದೇಸಗತಿಯ ಹೊಲಗಳ ಹುಟ್ಟುವಳಿಯಿಂದ ನಡೆಯಿತು. ಆಗಲೂ ಓದಿಗೆ ಹೊಲವೇ ಆಧಾರ, ಈಗಲೂ ಹೊಲವೇ. ಆಗ ಒಬ್ಬ ಜಮೀನುದಾರ ತನ್ನ ಸಾವಿರಾರು ಎಕರೆಯನ್ನು ನೂರಾರು ಹುಡುಗರಿಗಾಗಿ ಇಟ್ಟ. ಈಗ ನೂರಾರು ರೈತರು ತಮ್ಮ ತಮ್ಮ ಎರಡು ಎಕರೆಯನ್ನು ಒಬ್ಬೊಬ್ಬ ಮಗನ ಮೇಲೆ ಇಡುತ್ತಿದ್ದಾರೆ. ಸಾವಿರ ಎಕರೆಯ ಟ್ರಸ್ಟಿನಲ್ಲಿ ಒಬ್ಬ ಹುಡುಗ ಫೇಲಾದರೆ ಟ್ರಸ್ಟು ನಿಲ್ಲುತ್ತಿತ್ತು. ಎರಡು ಎಕರೆಯ ಮನೆ ನಿಲ್ಲುವುದಿಲ್ಲ.

ವೈದ್ಯಕೀಯದ ವಿಷಯಕ್ಕೆ ಮತ್ತೆ ಬರಬೇಕು, ಯಾಕೆಂದರೆ ನಮ್ಮ ಜಿಲ್ಲೆಯ ಗಾಯ ಅದು. ದೇಶದಲ್ಲಿ ಹೆಚ್ಚು ಎಂಬಿಬಿಎಸ್ ಸೀಟುಗಳಿರುವ ರಾಜ್ಯಗಳ ಸಾಲಿನಲ್ಲಿ ಕರ್ನಾಟಕ ಮುಂಚೂಣಿಯಲ್ಲಿದೆ. ಹೀಗಿದ್ದೂ ನಮ್ಮ ಹುಡುಗರು ಉಕ್ರೇನಿಗೆ, ರಷ್ಯಾಕ್ಕೆ, ಜಾರ್ಜಿಯಾಕ್ಕೆ, ಕಿರ್ಗಿಸ್ತಾನಕ್ಕೆ, ಫಿಲಿಪ್ಪೀನ್ಸಿಗೆ ಹೋಗುತ್ತಾರೆ. ಸೀಟಿನ ಸಂಖ್ಯೆಗಿಂತ ದರದ ಏಣಿಯಲ್ಲಿ ಇದಕ್ಕೆ ಕಾರಣವಿದೆ. ಸರ್ಕಾರಿ ಕಾಲೇಜಿನ ಫೀ ರೈತ ಕಟ್ಟಬಲ್ಲ. ಅಂಕ ಜಾರುತ್ತ ಹೋದರೆ ಉಳಿಯುವುದು ಖಾಸಗಿ ಕಾಲೇಜಿನ ದುಬಾರಿ ಸೀಟು, ಮ್ಯಾನೇಜ್‌ಮೆಂಟ್ ಸೀಟಾದರೆ ಇಡೀ ಕೋರ್ಸಿಗೆ ಕೋಟಿ ದಾಟುವ ಮೊತ್ತ. ರೈತನ ಕೈಗೆಟುಕುವ ಮೆಟ್ಟಿಲಿಲ್ಲದ ಆ ಜಾಗವನ್ನು ಇಪ್ಪತ್ತೈದು ಮೂವತ್ತು ಲಕ್ಷದಲ್ಲಿ ಪೂರೈಸುವ ವಿದೇಶಿ ಕಾಲೇಜು ತುಂಬುತ್ತದೆ. ಹಾಗಾಗಿ ಅಲ್ಲಿಗೆ ಹೋಗುವವರಲ್ಲಿ ಬಹಳಷ್ಟು ಮಂದಿ ಬುದ್ಧಿಯಲ್ಲಿ ಕಡಿಮೆಯವರಲ್ಲ, ದುಡ್ಡಿನಲ್ಲಿ ನಡುವಿನವರು. ಇದನ್ನು ತಿಳಿಯದೆ ಅರ್ಹತಾ ಪರೀಕ್ಷೆಯ ಫಲಿತಾಂಶವನ್ನು ಹಿಡಿದು ಅವರನ್ನು ಅಣಕಿಸುವುದು ತಪ್ಪು.

ಆ ಪರೀಕ್ಷೆಯ ಫಲಿತಾಂಶ ಕೆಟ್ಟದ್ದೆಂಬುದನ್ನು ಮುಚ್ಚಿಡುವುದೂ ಅಷ್ಟೇ ತಪ್ಪು. 2002ರಿಂದ ನಡೆಯುತ್ತಿರುವ ಎಫ್‌ಎಂಜಿಇಯಲ್ಲಿ 300ಕ್ಕೆ 150 ಅಂಕ ಬಂದರೆ ಪಾಸು, ವರ್ಷಕ್ಕೆ ಎರಡು ಸಲ ನಡೆಯುತ್ತದೆ. ಹೆಚ್ಚಿನ ಸಲ ಬರೆದವರಲ್ಲಿ ಕಾಲು ಭಾಗದಷ್ಟು ಮಂದಿಯೂ ಪಾಸಾಗಿಲ್ಲ. ಇದರ ಮೇಲೆ 2021ರ ನವೆಂಬರಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊಸ ನಿಯಮ ತಂದಿತು. ಕೋರ್ಸು ಕನಿಷ್ಠ 54 ತಿಂಗಳದ್ದಿರಬೇಕು, ಬೋಧನೆ ಇಂಗ್ಲಿಷಿನಲ್ಲಿರಬೇಕು, ಅಲ್ಲೇ 12 ತಿಂಗಳ ಇಂಟರ್ನ್‌ಶಿಪ್ ಆಗಬೇಕು, ಇಲ್ಲಿಗೆ ಬಂದ ಮೇಲೆ ಮತ್ತೆ 12 ತಿಂಗಳು. ನಿಯಮ ಸರಿಯೇ, ರೋಗಿಯ ಜೀವದ ಪ್ರಶ್ನೆ. ಆದರೆ ಯಾವ ಕಾಲೇಜು ಈ ನಿಯಮಕ್ಕೆ ಹೊಂದುತ್ತದೆ, ಯಾವುದು ಹೊಂದುವುದಿಲ್ಲ ಎಂದು ಪರಿಶೀಲಿಸುವ ಕೆಲಸವನ್ನು ನಾವು ಹದಿನೆಂಟರ ಹುಡುಗನಿಗೂ ಅವನ ರೈತ ತಂದೆಗೂ ಬಿಟ್ಟಿದ್ದೇವೆ. ಅವರಿಗೆ ಈ ವಿಷಯ ಹೇಳುವವನು ಕಮಿಷನ್ ಪಡೆಯುವ ಕನ್ಸಲ್ಟೆಂಟ್. ಆರು ವರ್ಷ ಕಳೆದ ಮೇಲೆ ಪದವಿ ನಡೆಯುವುದಿಲ್ಲ ಎಂದು ಗೊತ್ತಾದರೆ ಆ ಕನ್ಸಲ್ಟೆಂಟಿಗೆ ಏನೂ ಆಗುವುದಿಲ್ಲ.

ಹಾವೇರಿಗೆ ಸರ್ಕಾರಿ ವೈದ್ಯಕೀಯ ಕಾಲೇಜು ಬಂತು. ಚಳಗೇರಿಯ ಸಾವಾದ ವರ್ಷವೇ, 2022ರಲ್ಲೇ, 150 ಸೀಟುಗಳಿಗೆ ಅನುಮತಿ ಸಿಕ್ಕಿತು. ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಇದೇ ಜಿಲ್ಲೆಯ ಶಿಗ್ಗಾಂವಿಯ ಶಾಸಕರಾಗಿದ್ದರು. ಕಾಲೇಜಿನ ಯೋಜನೆ ಆ ಸಾವಿಗಿಂತ ಹಿಂದಿನದು, ಜಿಲ್ಲೆಯ ಬಹುಕಾಲದ ಬೇಡಿಕೆ. ಅದು ಜಿಲ್ಲೆಯ ಆಸ್ಪತ್ರೆಗೆ, ಹೆರಿಗೆಗೆ ಬರುವ ಹೆಣ್ಣುಮಕ್ಕಳಿಗೆ ದೊಡ್ಡ ಬಲ. ಆದರೆ ಸೀಟಿನ ಲೆಕ್ಕಕ್ಕೆ ಬಂದರೆ ಶೇ 15 ಅಖಿಲ ಭಾರತ ಕೋಟಾಕ್ಕೆ ಹೋಗುತ್ತದೆ, ಉಳಿದದ್ದು ಇಡೀ ರಾಜ್ಯದ ರ‍್ಯಾಂಕಿನವರಿಗೆ. ಕಲ್ಯಾಣ ಕರ್ನಾಟಕಕ್ಕೆ ಇರುವಂಥ ಸಂವಿಧಾನದ 371ಜೆ ವಿಧಿಯ ರಕ್ಷಣೆ ಈ ಜಿಲ್ಲೆಗಿಲ್ಲ. ಕಾಲೇಜು ಹಾವೇರಿಯಲ್ಲಿದ್ದ ಮಾತ್ರಕ್ಕೆ ಹಾವೇರಿಯ ಹುಡುಗಿ ಊರಲ್ಲೇ ಓದಬಲ್ಲಳು ಎಂದಾಗದು.

ಓದಿಗೆ ಹೋಗುವವರ ಕತೆಯಾದರೂ ಪತ್ರಿಕೆಗೆ ಬರುತ್ತದೆ. ದುಡಿಯಲು ಹೋಗುವವರದು ಬರುವುದು ಏನಾದರೂ ಅನಾಹುತವಾದಾಗಲೇ. ಹತ್ತನೆಯ ತರಗತಿ ಪಾಸಾಗದವರು ಸೌದಿ, ಯುಎಇ, ಕತಾರ್, ಕುವೈತ್, ಮಲೇಷ್ಯಾ ಸೇರಿದಂತೆ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ 1983ರ ವಲಸೆ ಕಾಯ್ದೆಯ ಪ್ರಕಾರ ಸರ್ಕಾರದ ಅನುಮತಿ ಬೇಕು. ಇ-ಮೈಗ್ರೇಟ್ ಜಾಲತಾಣದಲ್ಲಿ ನೋಂದಾಯಿತ ಏಜೆಂಟರ ಪಟ್ಟಿ ಇದೆ. ಅವರು ಒಬ್ಬನಿಂದ ಪಡೆಯಬಹುದಾದ ಗರಿಷ್ಠ ಸೇವಾಶುಲ್ಕ 30,000 ರೂಪಾಯಿ ಮತ್ತು ಜಿಎಸ್‌ಟಿ. ಹತ್ತು ಲಕ್ಷದ ಪ್ರವಾಸಿ ಭಾರತೀಯ ವಿಮೆ ಎರಡು ವರ್ಷಕ್ಕೆ 275 ರೂಪಾಯಿಗೆ ಸಿಗುತ್ತದೆ. ಇಷ್ಟೂ ಕಾಗದದ ಮೇಲಿದೆ. ಲಕ್ಷಗಟ್ಟಲೆ ಕೇಳುವ ಏಜೆಂಟನ ಮುಂದೆ ಕುಳಿತವನಿಗೆ "ಮೂವತ್ತು ಸಾವಿರಕ್ಕಿಂತ ಹೆಚ್ಚು ಕೇಳುವ ಹಕ್ಕು ನಿನಗಿಲ್ಲ" ಎಂದು ಹೇಳುವ ಧೈರ್ಯ ಬರುವುದು ಆ ಅಂಕಿ ಮೊದಲೇ ಗೊತ್ತಿದ್ದಾಗ ಮಾತ್ರ. ಕೆಲಸದ ಆಸೆಗೆ ರಷ್ಯಾಕ್ಕೆ ಹೋದ ಕಲಬುರಗಿ ಜಿಲ್ಲೆಯ ಯುವಕರು 2024ರ ಆರಂಭದಲ್ಲಿ ಯುದ್ಧದ ಗಡಿಯಲ್ಲಿ ಸಿಕ್ಕಿಬಿದ್ದರು. ಅವರನ್ನು ಕರೆದೊಯ್ದವರು ಯೂಟ್ಯೂಬಿನ ಮೂಲಕ ಸಿಕ್ಕ ಮಧ್ಯವರ್ತಿಗಳು. ಮನೆಗೆ ಮರಳಲು ಅದೇ ವರ್ಷದ ಸೆಪ್ಟೆಂಬರ್ ಬರಬೇಕಾಯಿತು.

ಪಕ್ಕದ ದಾವಣಗೆರೆ, ಶಿವಮೊಗ್ಗ ಜಿಲ್ಲೆಗಳ ಹಕ್ಕಿಪಿಕ್ಕಿ ಜನ ಇದಕ್ಕೆ ಬೇರೆಯೇ ಮಾದರಿ. ಗಿಡಮೂಲಿಕೆ ಎಣ್ಣೆ, ಔಷಧಿ ಮಾರಲು ಅವರು ಆಫ್ರಿಕಾದ ದೇಶಗಳಿಗೆ ಹೋಗಿ ಬರುವುದು ಹೊಸದಲ್ಲ. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಯುದ್ಧ ಶುರುವಾದಾಗ ಅವರಲ್ಲಿ ನೂರಕ್ಕೂ ಹೆಚ್ಚು ಮಂದಿ ಅಲ್ಲಿ ಸಿಕ್ಕಿಕೊಂಡರು. ಆಪರೇಷನ್ ಕಾವೇರಿಯಲ್ಲಿ ಅವರನ್ನು ಕರೆತರಲಾಯಿತು. ನಾಡಿನ ಬಹುತೇಕ ಜನರಿಗೆ ಆಗಲೇ ಗೊತ್ತಾದದ್ದು, ಓದು ಬರಹದಲ್ಲಿ ಹಿಂದುಳಿದವರೆಂದು ನಾವು ಎಣಿಸಿದ ಸಮುದಾಯವೊಂದು ಪಾಸ್‌ಪೋರ್ಟ್, ವೀಸಾ, ವ್ಯಾಪಾರವನ್ನೆಲ್ಲ ತಾನಾಗಿಯೇ ಕಲಿತು ಖಂಡ ದಾಟುತ್ತಿತ್ತೆಂದು. ಹಿಂದೆ ಹೋದವನು ಮುಂದೆ ಹೋಗುವವನಿಗೆ ಹೇಳುತ್ತಾನೆ, ಗುಂಪಾಗಿ ಹೋಗುತ್ತಾರೆ, ಕಷ್ಟ ಬಂದರೆ ಒಟ್ಟಿಗೆ ಕೂಗುತ್ತಾರೆ. ನಮ್ಮ ಇಂಜಿನಿಯರ್ ಹುಡುಗರಿಗಿಲ್ಲದ ಒಂದು ರಕ್ಷಣೆ ಅವರಿಗಿದೆ. ತಿಳಿವಳಿಕೆ ಅಲ್ಲಿ ಮಾರಾಟದ ಸರಕಾಗಿಲ್ಲ.

ಕೇರಳ 1996ರಲ್ಲೇ ಹೊರನಾಡಿಗರಿಗಾಗಿ ನೋರ್ಕಾ ಎಂಬ ಪ್ರತ್ಯೇಕ ಇಲಾಖೆ ತೆರೆಯಿತು. 2021ರ ಡಿಸೆಂಬರಿನಲ್ಲಿ ಅದು ಜರ್ಮನಿಯ ಸರ್ಕಾರಿ ಸಂಸ್ಥೆಗಳೊಂದಿಗೆ ಟ್ರಿಪಲ್ ವಿನ್ ಎಂಬ ಒಪ್ಪಂದ ಮಾಡಿಕೊಂಡಿತು. ನರ್ಸುಗಳು ಇಲ್ಲೇ ಜರ್ಮನ್ ಭಾಷೆ ಕಲಿತು ಹೋಗುತ್ತಾರೆ, ನೇಮಕಾತಿಗೆ ಅವರಿಂದ ದುಡ್ಡು ಕೇಳುವುದಿಲ್ಲ. ನರ್ಸು ಬೇಕಾಗಿರುವುದು ಜರ್ಮನಿಗೆ, ಆದ್ದರಿಂದ ಖರ್ಚೂ ಆ ಕಡೆಯದು. ಎಷ್ಟು ಸರಳ ನ್ಯಾಯ! ನರ್ಸಿಂಗ್ ಕಾಲೇಜುಗಳಿಗೆ ಹೆಸರಾದ ರಾಜ್ಯ ನಮ್ಮದು. ನಮ್ಮ ಕೌಶಲ ಅಭಿವೃದ್ಧಿ ನಿಗಮದ ಅಡಿಯಲ್ಲೂ ಅಂತರರಾಷ್ಟ್ರೀಯ ವಲಸೆ ಕೇಂದ್ರವೊಂದಿದೆ. ಅದು ಇರುವುದು ಬೆಂಗಳೂರಿನಲ್ಲಿ. ಬ್ಯಾಡಗಿಯಲ್ಲಿ ಜಿಎನ್‌ಎಂ ಮುಗಿಸಿದ ಹುಡುಗಿಗೆ ಬೆಂಗಳೂರಿನ ಕೇಂದ್ರಕ್ಕಿಂತ ಹುಬ್ಬಳ್ಳಿಯ ಕನ್ಸಲ್ಟೆಂಟ್ ಹತ್ತಿರ. ಪಹಣಿ, ಜಾತಿ ಪ್ರಮಾಣಪತ್ರ ಕೊಡುವ ಗ್ರಾಮ ಒನ್ ಕೇಂದ್ರದಲ್ಲೇ ಏಜೆಂಟನ ನೋಂದಣಿ ಸಂಖ್ಯೆ ಪರಿಶೀಲಿಸಿ ಹೇಳುವ ವ್ಯವಸ್ಥೆ ಯಾಕಾಗಬಾರದು? ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದ ಗೋಡೆಯ ಮೇಲೆ ಮೂವತ್ತು ಸಾವಿರದ ಅಂಕಿಯನ್ನು, ಎಫ್‌ಎಂಜಿಇಯ ಫಲಿತಾಂಶವನ್ನು, ಕೃಷಿ ಜಮೀನಿನ ನಿಯಮವನ್ನು ಕನ್ನಡದಲ್ಲಿ ಬರೆಸಲು ಎಷ್ಟು ಖರ್ಚಾದೀತು?

ಇಲ್ಲಿ ಒಂದು ಗಟ್ಟಿ ಆಕ್ಷೇಪವಿದೆ, ಅದನ್ನು ತಳ್ಳಿಹಾಕಲಾಗದು. ಹೊರಗೆ ಹೋಗುವವನು ತನ್ನ ಏಳಿಗೆಗೆ ಹೋಗುತ್ತಾನೆ, ಅವನ ಅಪಾಯವನ್ನು ಇಲ್ಲೇ ಕೂಲಿ ಮಾಡುವವನ ತೆರಿಗೆಯಿಂದ ಯಾಕೆ ತುಂಬಬೇಕು ಎಂಬ ಆಕ್ಷೇಪ. ಹೊಲವೂ ಇಲ್ಲದ ಮನೆಯ ಮಕ್ಕಳು ಹೊರದೇಶದ ಕನಸನ್ನೂ ಕಾಣಲಾರರು ಎಂಬುದು ಅದರ ಹಿಂದಿರುವ ಸತ್ಯ. ನನ್ನ ಉತ್ತರ ಹೀಗಿದೆ. ವಿಶ್ವಬ್ಯಾಂಕಿನ ಅಂದಾಜಿನಂತೆ 2024ರಲ್ಲಿ ಹೊರಗಿನ ಭಾರತೀಯರು ದೇಶಕ್ಕೆ ಕಳಿಸಿದ ದುಡ್ಡು 12,900 ಕೋಟಿ ಡಾಲರ್, ಜಗತ್ತಿನಲ್ಲೇ ಅತಿ ಹೆಚ್ಚು. ದೇಶದ ವಿದೇಶಿ ವಿನಿಮಯಕ್ಕೆ ಆಸರೆಯಾಗುವ ಹಣ ಅದು. ಲಾಭದಲ್ಲಿ ಪಾಲು ಇರುವ ಸರ್ಕಾರ ನಷ್ಟದ ದಿನ ಮನೆಯವರನ್ನು ಒಂಟಿ ಬಿಡುವುದು ನ್ಯಾಯವಲ್ಲ. ಇನ್ನು ಹೊಲವಿಲ್ಲದವರ ಮಾತು: ಪರಿಶಿಷ್ಟರಿಗಾಗಿ ರಾಜ್ಯದ ಪ್ರಬುದ್ಧ ಯೋಜನೆ, ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇವೆ. ಅವು ಇನ್ನೂ ಬೆಳೆಯಬೇಕು, ಅದಕ್ಕೆ ನನ್ನ ಪೂರ್ಣ ಸಮ್ಮತಿ. ಆದರೆ ಗಾಳಿ ಬೀಸುತ್ತಿರುವುದು ಎದುರು ದಿಕ್ಕಿಗೆ. ಅಲ್ಪಸಂಖ್ಯಾತ ವಿದ್ಯಾರ್ಥಿಗಳ ವಿದೇಶಿ ಓದಿನ ಬಡ್ಡಿಗೆ ಸಹಾಯಧನ ಕೊಡುತ್ತಿದ್ದ ಪಢೋ ಪರದೇಶ್ ಯೋಜನೆ 2022-23ರಿಂದ ನಿಂತಿತು. 2024ರ ನವೆಂಬರಿನಲ್ಲಿ ಬಂದ ಪಿಎಂ ವಿದ್ಯಾಲಕ್ಷ್ಮಿ ಅಡಮಾನವಿಲ್ಲದೆ, ಜಾಮೀನಿಲ್ಲದೆ ಸಾಲ ಕೊಡುತ್ತದೆ, ಒಳ್ಳೆಯ ಯೋಜನೆ, ಆದರೆ ದೇಶದೊಳಗಿನ ಆಯ್ದ ಸಂಸ್ಥೆಗಳಿಗೆ ಮಾತ್ರ.

ದೇಶಪ್ರೇಮದ ಮಾತು ಎತ್ತುವವರಿಗೆ ಹೊಸರಿತ್ತಿಯನ್ನೇ ನೆನಪಿಸುತ್ತೇನೆ. 1943ರ ಏಪ್ರಿಲ್ 1ರಂದು ಇಲ್ಲಿನ ವೀರಭದ್ರ ದೇವಸ್ಥಾನದಲ್ಲಿ ಇಟ್ಟಿದ್ದ ಕಂದಾಯದ ಹಣವನ್ನು ವಶಪಡಿಸಿಕೊಳ್ಳಲು ಹೋದ ಮೈಲಾರ ಮಹಾದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಗುಂಡಿಗೆ ಬಲಿಯಾದರು. ಮೋಟೆಬೆನ್ನೂರಿನ ಮಹಾದೇವಪ್ಪ 1930ರಲ್ಲಿ, ಇನ್ನೂ ಇಪ್ಪತ್ತು ತುಂಬುವ ಮೊದಲೇ, ಗಾಂಧೀಜಿಯ ಜೊತೆ ದಂಡಿಗೆ ನಡೆದವರು. ಊರು ಬಿಟ್ಟು ದೂರ ಹೋಗಿ ಕಲಿತು ಬಂದ ಹುಡುಗ ಅವರು. ಅವರು ಪ್ರಾಣ ಕೊಟ್ಟ ಆ ಕೊನೆಯ ಹೋರಾಟ ನಡೆದದ್ದು ರೈತನ ಹೊಲದಿಂದ ಎತ್ತಿದ ಹಣ ಯಾರ ಪಾಲಾಗಬೇಕು ಎಂಬ ವಿಷಯಕ್ಕೇ. ಹೊಲದ ಮೇಲಿನ ಭಾರವನ್ನು ಅವರು ದೇಶದ ಪ್ರಶ್ನೆಯಾಗಿ ನೋಡಿದರು. ಅವರ ಸ್ಮಾರಕದ ಮುಂದೆ ನಿಂತು, ಸಾಲ ಮಾಡಿ ಮಗಳನ್ನು ಓದಿಗೆ ಕಳಿಸಿದ ಮನೆಯ ದೇಶಪ್ರೇಮವನ್ನು ಅಳೆಯುವುದು ನನಗೆ ಸಣ್ಣತನವೆನಿಸುತ್ತದೆ.

ಹೋದವರ ದನಿಯ ವಿಷಯವೂ ಇದೆ. 2010ರ ತಿದ್ದುಪಡಿಯಿಂದ ಹೊರದೇಶದಲ್ಲಿರುವ ಭಾರತದ ಪ್ರಜೆ ತನ್ನೂರಿನ ಮತದಾರರ ಪಟ್ಟಿಯಲ್ಲಿ ಹೆಸರು ಸೇರಿಸಬಹುದು. ಆದರೆ ಮತ ಹಾಕಲು ಖುದ್ದಾಗಿ ಮತಗಟ್ಟೆಗೇ ಬರಬೇಕು. ಬೇರೊಬ್ಬರ ಮೂಲಕ ಮತ ಹಾಕುವ ಅವಕಾಶದ ಮಸೂದೆ 2018ರಲ್ಲಿ ಲೋಕಸಭೆಯಲ್ಲಿ ಪಾಸಾಗಿ, ರಾಜ್ಯಸಭೆಯಲ್ಲಿ ಪಾಸಾಗದೆ, ಆ ಲೋಕಸಭೆಯ ಅವಧಿಯೊಂದಿಗೇ ಬಿದ್ದುಹೋಯಿತು. ಮಸ್ಕತ್ತಿನಲ್ಲಿ ಡ್ರೈವರ್ ಕೆಲಸ ಮಾಡುವ ರಾಣೆಬೆನ್ನೂರಿನವನು ಒಂದು ಮತಕ್ಕಾಗಿ ವಿಮಾನದ ಟಿಕೆಟ್ ತೆಗೆಯಲಾರ. ಹೀಗಾಗಿ ಇವರ ಕಷ್ಟ ಯಾವ ಅಭ್ಯರ್ಥಿಯ ಪ್ರಣಾಳಿಕೆಗೂ ಬರುವುದಿಲ್ಲ. ಪರದೇಶದ ಪೌರತ್ವ ತೆಗೆದುಕೊಂಡ ಕ್ಷಣ ಭಾರತದ ಪೌರತ್ವ ಹೋಗುತ್ತದೆ, ಎರಡನ್ನೂ ಇಟ್ಟುಕೊಳ್ಳಲು ನಮ್ಮ ಕಾನೂನು ಬಿಡುವುದಿಲ್ಲ. 2022ರಲ್ಲಿ 2,25,620 ಮಂದಿ ಪೌರತ್ವ ಬಿಟ್ಟರು. ಬಿಟ್ಟವರ ಬಗ್ಗೆ ಸಿಟ್ಟಾಗುವ ಮೊದಲು, ಪಾಸ್‌ಪೋರ್ಟ್ ಇಟ್ಟುಕೊಂಡೇ ಇರುವವರಿಗೆ ನಾವು ಮತವನ್ನೂ ಹೊಲವನ್ನೂ ಎಷ್ಟು ಕಷ್ಟ ಮಾಡಿಟ್ಟಿದ್ದೇವೆ ಎಂದು ನೋಡಬೇಕು.

ಭಾರ ಹಂಚಿಕೊಳ್ಳುವ ಕೆಲಸ ನಮ್ಮ ಸೀಮೆಗೆ ಹೊಸದಲ್ಲ. ಗದಗ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಹಳ್ಳಿಯ ಸಹಕಾರಿ ಪತ್ತಿನ ಸಂಘ ಕಟ್ಟಿದರು. ಲೇವಾದೇವಿಗಾರನ ಕೈಯಿಂದ ರೈತನನ್ನು ಬಿಡಿಸಲು ಹಳ್ಳಿಯವರು ಒಬ್ಬರಿಗೊಬ್ಬರು ಜಾಮೀನಾದರು. ಅದೇ ಬಗೆಯಲ್ಲಿ ಹಾವೇರಿ ಜಿಲ್ಲೆಗೊಂದು ವಿದೇಶ ವ್ಯಾಸಂಗ ಮತ್ತು ಉದ್ಯೋಗ ನಿಧಿ ಬೇಕು. ರಾಜ್ಯ ಸರ್ಕಾರ ಮೂಲಧನ ಕೊಡಲಿ, ಈಗಾಗಲೇ ಹೊರಗೆ ನೆಲೆಸಿರುವ ಜಿಲ್ಲೆಯವರು ಸೇರಿಸಲಿ. ಸಾಲಕ್ಕೆ ಹೊಲ ಕೇಳಬಾರದು, ಬಂಗಾರ ಕೇಳಬಾರದು. ಕೆಲಸ ಸಿಕ್ಕ ಮೇಲೆ ಸಂಬಳದ ಒಂದು ಭಾಗವಾಗಿ ಮರುಪಾವತಿ, ಕೆಲಸ ಸಿಗದ ವರ್ಷ ಕಂತಿಲ್ಲ, ಸಾವು ಅಥವಾ ಯುದ್ಧದಂಥ ಆಪತ್ತಿನಲ್ಲಿ ಸಾಲವೇ ಮನ್ನಾ. ಹೊಲವಿಲ್ಲದ ಮನೆಯ ಮಕ್ಕಳಿಗೂ ಆಗ ಅದೇ ಬಾಗಿಲು ತೆರೆಯುತ್ತದೆ. ಸಾಲ ಮಂಜೂರಾಗುವ ಮೊದಲು ಆ ಕಾಲೇಜನ್ನೋ ಕಂಪನಿಯನ್ನೋ ಪರಿಶೀಲಿಸುವುದು ನಿಧಿಯ ಹೊಣೆಯಾಗಿರಲಿ. ದುಡ್ಡು ಮುಳುಗಿದರೆ ತನ್ನದೇ ಮುಳುಗುತ್ತದೆ ಎಂದಾದಾಗ ನಿಧಿಯೇ ಏಜೆಂಟನನ್ನು ಪ್ರಶ್ನಿಸುತ್ತದೆ, ರೈತ ಪ್ರಶ್ನಿಸಬೇಕಾಗಿಲ್ಲ. ಜಿಲ್ಲೆಯ ಆರು ಶಾಸಕರು ಸೇರಿ ಮುಂದಿನ ಬಜೆಟ್ಟಿಗೆ ಮೊದಲು ಇಷ್ಟನ್ನು ಕೇಳಬಹುದು.